ಕಟ್ಟೆಯ ಮೇಲೆ ಓದಬಹುದಾದ ಪುಸ್ತಕ

ಮನೆಯ ಹೆಂಗಸರಿಗಾಗಿ ಭಕ್ತಿಪರವಾದ ಪುಸ್ತಕಗಳನ್ನು ಆರಿಸುವುದು ನನಗೆ ಎಂದೂ ಕಷ್ಟದ ಕೆಲಸವೆನಿಸಲಿಲ್ಲ. ಕೀರ್ತನೆಗಳ ಪುಸ್ತಕವೊಂದು, ರೂತಳ ಕಥೆಯೊಂದು ಇದ್ದರೆ ಸಾಕು, ಅತ್ತೆಯವರೂ ನಾದಿನಿಯರೂ ಬೀಸುವ ಕಲ್ಲಿನ ಮುಂದಾಗಲಿ ಒಲೆಯ ಮುಂದಾಗಲಿ ಅದನ್ನು ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು. ಓದು ಬಾರದವರು ಕೇಳಿ ಕೇಳಿಯೇ ಬಾಯಿಪಾಠ ಮಾಡಿಬಿಡುತ್ತಿದ್ದರು. ಗಂಡಸರ ವಿಷಯ ಹಾಗಲ್ಲ. ರವಿವಾರ ಮಡಿಯಾದ ಧೋತರವುಟ್ಟು ಪ್ರಾರ್ಥನೆಗೆ ಬಂದು, ಉಪದೇಶವನ್ನು ತಲೆತಗ್ಗಿಸಿ ಕೇಳಿ, ಮನೆಗೆ ಮರಳಿದ ಮೇಲೆ ಧರ್ಮಗ್ರಂಥವನ್ನು ಮಾಡದ ಮೇಲಿಟ್ಟು ಮುಂದಿನ ರವಿವಾರದವರೆಗೆ ಅದರ ಗೊಡವೆಗೆ ಹೋಗದ ಗಂಡಸರು ನಮ್ಮ ಸೀಮೆಯಲ್ಲಿ ಕಡಿಮೆಯಿರಲಿಲ್ಲ. ಅವರಲ್ಲಿ ಭಕ್ತಿಯಿರಲಿಲ್ಲವೆಂದು ನಾನು ಹೇಳಲಾರೆ. ಅವರ ಕೈಗೆ ಸಿಗುತ್ತಿದ್ದ ಪುಸ್ತಕಗಳು ಅವರನ್ನು ನೋಡಿ ಬರೆದವುಗಳಾಗಿರಲಿಲ್ಲ ಎಂಬುದೇ ಬಹುಕಾಲದ ಮೇಲೂ ನನ್ನ ಅಭಿಪ್ರಾಯ.

ನನ್ನ ತಂದೆಯವರು ಕಲಘಟಗಿಯ ಕಡೆ ಉಪದೇಶಿಗಳಾಗಿದ್ದರು. ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲುಸೀಮೆಯೂ ಅಲ್ಲ ಎಂಬಂತಿರುವ ಆ ಭತ್ತದ ನಾಡಿನಲ್ಲಿ, ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಆ ಊರಿನ ಸಂತೆಯ ದಿನ, ಅವರು ಹೆಗಲಿಗೆ ಪುಸ್ತಕದ ಚೀಲವನ್ನು ತೂಗುಹಾಕಿಕೊಂಡು ಹೊರಡುತ್ತಿದ್ದರು. ಬಿಡಿಬಿಡಿಯಾಗಿ ಅಚ್ಚಾದ ಸುವಾರ್ತೆಗಳೂ ಸಣ್ಣ ಸಣ್ಣ ಕಥೆಗಳೂ ಆ ಚೀಲದಲ್ಲಿರುತ್ತಿದ್ದವು. ಬೆಲೆ ಅತ್ಯಲ್ಪ, ಆದರೂ ಪುಕ್ಕಟೆ ಕೊಡುತ್ತಿರಲಿಲ್ಲ. ಕಾಸು ಕೊಟ್ಟು ಕೊಂಡವನು ಓದುತ್ತಾನೆ, ಪುಕ್ಕಟೆ ಪಡೆದವನು ಪುಡಿಕೆ ಕಟ್ಟುತ್ತಾನೆ ಎಂಬುದು ಅವರ ಅನುಭವ. ಅವರು ಪುಸ್ತಕ ಮಾರುವಾಗ ಚೀಲದ ಬಾಯನ್ನು ಕೂಡಲೆ ತೆರೆಯುತ್ತಿರಲಿಲ್ಲವೆಂಬುದನ್ನು ನಾನು ಬಾಲ್ಯದಲ್ಲಿಯೇ ಗಮನಿಸಿದ್ದೆ. ಮೊದಲು ಮಳೆ ಬೆಳೆ, ಎತ್ತು, ಮನೆಯಲ್ಲಿ ಬೇನೆ ಬಿದ್ದವರು, ಇವುಗಳ ಮಾತು. ಅದು ಮುಗಿದ ತರುವಾಯ, ಎದುರಿಗಿದ್ದವನ ಮನಸ್ಸು ಇಷ್ಟು ತಿಳಿದ ಮೇಲೆ, ಒಂದೇ ಒಂದು ಪುಸ್ತಕ ಹೊರಗೆ ಬರುತ್ತಿತ್ತು. ‘ಓದಾಂವನ ಮಾರಿ ನೋಡಿ ಪುಸ್ತಕ ಕೊಡಬೇಕವ್ವಾ, ಪುಸ್ತಕದ ಮಾರಿ ನೋಡಿ ಕೊಡಬಾರದು’ ಎಂದು ಅವರು ನನಗೆ ಹೇಳಿದ್ದುಂಟು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬಂಧನದಲ್ಲಿಟ್ಟು ತರುವಾಯ ಸ್ವದೇಶಕ್ಕೆ ಕಳುಹಿಸಿಬಿಟ್ಟಾಗ, ಹಳ್ಳಿಯ ಸಭೆಗಳನ್ನು ಹಿಡಿದು ನಿಲ್ಲಿಸಿದವರು ಇಂಥ ಉಪದೇಶಿಗಳೇ ಎಂಬುದನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಾಗದು.

ಮದುವೆಯಾಗಿ ನಾನು ಬಂದದ್ದು ನವಲಗುಂದ ತಾಲೂಕಿನ ಎರೆಯ ಸೀಮೆಗೆ. ಜೋಳ, ಹತ್ತಿ, ಕಡಲೆಗಳ ಆ ಕಪ್ಪು ಭೂಮಿಯಲ್ಲಿ ಗಿಡಮರಗಳು ವಿರಳ; ಕಣ್ಣು ಹಾಯುವವರೆಗೆ ಹೊಲವೇ ಹೊಲ. ಅಲ್ಲಿಯ ಮನೆಗಳಿಗೆಲ್ಲ ಮುಂಭಾಗದಲ್ಲಿ ಕಟ್ಟೆಗಳುಂಟು. ಗಂಡಸರ ಬಾಳು ಬಹುಮಟ್ಟಿಗೆ ನಡೆಯುವುದು ಹೊಲದಲ್ಲಿ ಮತ್ತು ಕಟ್ಟೆಯ ಮೇಲೆ. ಪಟ್ಟಣದವರು ಪುಸ್ತಕವನ್ನು ಏಕಾಂತದಲ್ಲಿ, ಮನಸ್ಸಿನಲ್ಲಿ ಓದಿಕೊಳ್ಳುವಂತೆ ನಮ್ಮ ಗಂಡಸರು ಓದುವವರಲ್ಲ. ಒಬ್ಬನು ಗಟ್ಟಿಯಾಗಿ ಓದಬೇಕು, ನಾಲ್ವರು ಕೇಳಬೇಕು, ನಡುವೆ ಒಬ್ಬನು ತಡೆದು ಅರ್ಥ ಕೇಳಬೇಕು, ಇನ್ನೊಬ್ಬನು ಅದಕ್ಕೊಂದು ಗಾದೆಯನ್ನು ಕೂಡಿಸಬೇಕು. ಶ್ರಾವಣ ಬಂತೆಂದರೆ ಊರ ಮಠದಲ್ಲಿ ಪುರಾಣ ಹಚ್ಚುತ್ತಿದ್ದರು. ನಮ್ಮ ಮಾವನವರು ಕ್ರೈಸ್ತರಾದರೂ ಅದನ್ನು ಹೊರಗಿನ ಕಂಬಕ್ಕೆ ಒರಗಿ ನಿಂತು ಕೇಳಿ ಬರುತ್ತಿದ್ದರು. ಅವರ ಸ್ನೇಹಿತರಾದ ಲಿಂಗಾಯತ ಒಕ್ಕಲಿಗರೂ ಒಬ್ಬ ಪಿಂಜಾರ ಮುದುಕನೂ ಸಾಯಂಕಾಲ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು.

ಪರಧರ್ಮದ ಗ್ರಂಥವೆಂದು ಮುಖ ತಿರುಗಿಸುವ ರೂಢಿ ಆ ಸೀಮೆಯವರಿಗಿರಲಿಲ್ಲ. ನವಲಗುಂದದ ನಾಗಲಿಂಗಸ್ವಾಮಿಗಳ ಮಠದಲ್ಲಿ ಬೈಬಲಿನ ಒಂದು ಪ್ರತಿಗೆ ಪೂಜೆ ಸಲ್ಲುತ್ತದೆಯೆಂಬುದನ್ನು ದೂರದವರು ಕೇಳಿ ಆಶ್ಚರ್ಯಪಡುತ್ತಾರೆ. ನಮಗೆ ಅದು ಮನೆಯ ಮಾತು. ನಾಗಲಿಂಗಜ್ಜನು ಪಾದ್ರಿಯೊಬ್ಬನ ಕೈಯಲ್ಲಿದ್ದ ಆ ಗ್ರಂಥಕ್ಕೆ ರಂಧ್ರ ಮಾಡಿ, ಇದು ತಾನಾಗಿ ಮುಚ್ಚಿದಾಗ ಮರಳಿ ಹುಟ್ಟಿ ಬರುವೆನೆಂದು ನುಡಿದನೆಂಬ ಪ್ರತೀತಿಯಿದ್ದು, ಆ ರಂಧ್ರವು ದಿನೇ ದಿನೇ ಕಿರಿದಾಗುತ್ತಿದೆಯೆಂದು ಭಕ್ತರು ನಂಬುತ್ತಾರೆ. ಆ ನಂಬಿಕೆಯನ್ನು ಪರೀಕ್ಷಿಸುವ ಕುತೂಹಲ ನನಗಿಲ್ಲ. ಇತ್ತ ಕುಂದಗೋಳದ ಕಡೆಗೆ ಕಳಸದ ಗೋವಿಂದಭಟ್ಟರು ಮುಸಲ್ಮಾನನಾದ ಶಿಶುನಾಳ ಷರೀಫನನ್ನು ಶಿಷ್ಯನನ್ನಾಗಿ ಅಂಗೀಕರಿಸಿದ ನೆಲವೂ ಇದೇ. ಇಂಥ ನೆರೆಹೊರೆಯ ನಡುವೆ ಬಾಳುವ ಕ್ರೈಸ್ತ ಕುಟುಂಬದ ಗಂಡಸಿಗೆ ಪುಸ್ತಕವನ್ನು ಆರಿಸುವವರು, ಅದನ್ನು ಅವನೊಬ್ಬನಿಗಾಗಿ ಆರಿಸುತ್ತಿಲ್ಲ, ಅವನ ಕಟ್ಟೆಗಾಗಿಯೇ ಆರಿಸುತ್ತಿದ್ದಾರೆ ಎಂಬುದು ನನಗೆ ಬಂದ ಹೊಸದರಲ್ಲಿಯೇ ಮನವರಿಕೆಯಾಯಿತು.

ಮನೆಯ ಪೆಟ್ಟಿಗೆಯಲ್ಲಿ ಹಿಂದಿನ ಕಾಲದ ಕರಪತ್ರಗಳು ಕೆಲವು ಇದ್ದವು. ಅವುಗಳ ಕರ್ತೃಗಳು ದೂರದೇಶದಿಂದ ಬಂದು, ಜ್ವರದಿಂದಲೂ ಮಕ್ಕಳ ಮರಣದಿಂದಲೂ ನೊಂದು, ಈ ಮಣ್ಣಿನಲ್ಲಿಯೇ ತಮ್ಮವರನ್ನು ಹೂಳಿ, ಆದರೂ ಕನ್ನಡವನ್ನು ಕಲಿತು ಬರೆದ ಮಹನೀಯರು. ಅವರ ವಿಷಯದಲ್ಲಿ ನನಗೆ ಅಪಾರವಾದ ಗೌರವವಿದೆ. ಆದರೆ ಆ ಕರಪತ್ರಗಳಲ್ಲಿ ನೆರೆಯವರ ದೇವರನ್ನು ಹಳಿಯುವ ಮಾತುಗಳು ಹೇರಳವಾಗಿದ್ದವು. ಸಾಯಂಕಾಲ ತನ್ನ ಪಕ್ಕದಲ್ಲಿ ಕುಳಿತು ಎಲೆಯಡಿಕೆ ಹಂಚಿಕೊಳ್ಳುವವನನ್ನು, ಸುಗ್ಗಿಯಲ್ಲಿ ಎತ್ತು ಕೊಟ್ಟವನನ್ನು, ಮಗುವಿನ ಶವಕ್ಕೆ ಹೆಗಲು ಕೊಟ್ಟವನನ್ನು ಮೂಢನೆಂದು ಕರೆಯುವ ವಾಕ್ಯವನ್ನು ಯಾವ ಗಂಡಸು ಗಟ್ಟಿಯಾಗಿ ಓದಿಯಾನು? ಆದುದರಿಂದಲೇ ಆ ಪುಸ್ತಕಗಳು ಪೆಟ್ಟಿಗೆಯ ತಳ ಸೇರಿದ್ದವು. ಅಂದಿನಿಂದ ನಾನು ಒಂದು ಪರೀಕ್ಷೆಯನ್ನಿಟ್ಟುಕೊಂಡೆ: ಕಟ್ಟೆಯ ಮೇಲೆ ಸರ್ವರ ಸಮ್ಮುಖದಲ್ಲಿ ಸಂಕೋಚವಿಲ್ಲದೆ ಓದಬಹುದಾದ ಪುಸ್ತಕವೇ ನಮ್ಮ ಗಂಡಸರಿಗೆ ತಕ್ಕ ಪುಸ್ತಕ.

ಮೊದಲು ನೆರವಾದದ್ದು ಮಾವನವರ ಪುರಾಣಪ್ರೀತಿ. ಜೈಮಿನಿಯ ಪದ್ಯಗಳು ಅವರಿಗೆ ಬಾಯಲ್ಲಿಯೇ ಇದ್ದವು. ಲಕ್ಷ್ಮೀಶನ ಆ ಜೈಮಿನಿ ಭಾರತವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಪ್ರಚುರಪಡಿಸಿದವರಲ್ಲಿ ಹೆರ್ಮನ್ ಮೊಗ್ಲಿಂಗ್ ಪಾದ್ರಿಗಳು ಅಗ್ರಗಣ್ಯರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿ ಕನ್ನಡಕ್ಕೆ ಮೊದಲ ವೃತ್ತಪತ್ರಿಕೆಯನ್ನು ಕೊಟ್ಟ ಅವರೇ ಆ ಬಳಿಕ ಬಸವಪುರಾಣವನ್ನೂ ದಾಸರ ಪದಗಳನ್ನೂ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಇದನ್ನು ನಾನು ಮಾವನವರಿಗೆ ಹೇಳಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ತರುವಾಯ, ‘ಹಂಗಾರ ಪಾದ್ರಿಗಳೂ ಜೈಮಿನಿ ಕೇಳ್ಯಾರ’ ಎಂದರು. ಮಠದ ಹೊರಗಂಬಕ್ಕೆ ಒರಗಿ ನಿಲ್ಲುತ್ತಿದ್ದ ಆ ಹಿರಿಯರ ಮನಸ್ಸಿನಲ್ಲಿ ಎಷ್ಟು ಕಾಲದಿಂದ ಯಾವ ಅಳುಕು ಅಡಗಿತ್ತೋ, ಅದು ಆ ಕ್ಷಣದಲ್ಲಿ ಸಡಿಲಿದಂತೆ ನನಗೆ ತೋರಿತು. ಅವರಿಗೆ ನಾನು ಆರಿಸಿದ್ದು ಕಿಟ್ಟೆಲ್ ಸಾಹೇಬರ ‘ಕಥಾಮಾಲೆ’. 1894ರಲ್ಲಿ ಬೆಳಕು ಕಂಡ ಮಹಾನಿಘಂಟಿನಿಂದ ಅವರನ್ನು ಲೋಕವೆಲ್ಲ ಅರಿತಿದೆ. ಆದರೆ 1853ರಲ್ಲಿ ಈ ದೇಶಕ್ಕೆ ಬಂದು, ಧಾರವಾಡ ಹುಬ್ಬಳ್ಳಿಗಳ ಸುತ್ತು ತಿರುಗಾಡಿ ನುಡಿಯನ್ನು ಕಲಿತ ಆ ತರುಣನು, 1862ರಲ್ಲಿಯೇ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ಹಾಡಿ ಓದುವಂತೆ ರಚಿಸಿದ್ದನೆಂಬುದನ್ನು ಅರಿತವರು ಕಡಿಮೆ. ಕಾವ್ಯವಾಗಿ ಅದು ಲಕ್ಷ್ಮೀಶನ ಸಮೀಪಕ್ಕೂ ಬಾರದು, ಅದನ್ನು ಮರೆಮಾಚಬೇಕಾಗಿಲ್ಲ. ಆದರೂ ಮಾವನವರು ನೂಲು ಕಟ್ಟಿದ ಕನ್ನಡಕವನ್ನು ಕಿವಿಗೇರಿಸಿ, ಧೋತರಕ್ಕೆ ಅಂಟಿದ ಹತ್ತಿಯ ಎಳೆಗಳನ್ನು ಕೂಡ ಬಿಡಿಸದೆ, ಕಂದೀಲಿನ ಬೆಳಕಿನಲ್ಲಿ ಸಾಲಿನ ಕೆಳಗೆ ತೋರುಬೆರಳನ್ನು ಸರಿಸುತ್ತ ರಾಗವಾಗಿ ಓದಲಾರಂಭಿಸಿದಾಗ, ಮಾಡದ ಮೇಲೆ ಮೌನವಾಗಿದ್ದ ಚರಿತ್ರೆಗೆ ಕಟ್ಟೆಯ ಮೇಲೆ ಧ್ವನಿ ಬಂದಿತು. ‘ಇದು ಪುರಾಣನ ಬಿಡ್ರಿ’ ಎಂದು ಕೇಳುವವರೊಬ್ಬರು ಹೇಳಿದರು. ಅದಕ್ಕಿಂತ ಹೆಚ್ಚಿನ ಪ್ರಶಂಸೆಯನ್ನು ಆ ಗ್ರಂಥವು ಬೇರೆಲ್ಲಿಯಾದರೂ ಪಡೆದಿದ್ದೀತೆಂದು ನಾನು ಭಾವಿಸುವುದಿಲ್ಲ.

ಅದರ ಬೆನ್ನಿಗೇ ಬಂದದ್ದು ‘ಯಾತ್ರಿಕನ ಸಂಚಾರ’. ಇಂಗ್ಲೆಂಡಿನ ಜಾನ್ ಬನಿಯನ್ ತೂತುಬಿದ್ದ ಪಾತ್ರೆಗಳನ್ನು ಬೆಸೆದುಕೊಡುತ್ತ ಹಳ್ಳಿ ಹಳ್ಳಿ ತಿರುಗುತ್ತಿದ್ದ ಬಡ ಕಸುಬುದಾರ. ಸರಕಾರದ ಅಪ್ಪಣೆಯಿಲ್ಲದೆ ಬೋಧಿಸಿದನೆಂಬ ಕಾರಣಕ್ಕೆ ಬೆಡ್‌ಫರ್ಡಿನ ಸೆರೆಮನೆಯಲ್ಲಿ ಹನ್ನೆರಡು ವರ್ಷ ಕಳೆದವನು. 1678ರಲ್ಲಿ ಹೊರಬಂದ ಅವನ ಗ್ರಂಥವು 19ನೆಯ ಶತಮಾನದ ನಡುವಿನಲ್ಲಿಯೇ ಕನ್ನಡಕ್ಕೆ ಬಂದುದು ನಮ್ಮ ಭಾಗ್ಯ. ಬೆನ್ನ ಮೇಲೆ ಹೊರೆ ಹೊತ್ತು, ಹೆಂಡಿರು ಮಕ್ಕಳು ಕೂಗಿದರೂ ನಿಲ್ಲದೆ ಓಡುವ ಆ ಯಾತ್ರಿಕನ ಕಥೆಯನ್ನು ಮಾಸ್ತರರಾಗಿದ್ದ ನನ್ನ ಪತಿಯವರು ಒಂದು ಮಳೆಗಾಲದಲ್ಲಿ ಕಟ್ಟೆಯ ಮೇಲೆ ಓದಿದರು. ಬೆಣ್ಣೆಹಳ್ಳ ತುಂಬಿ ಹರಿಯುತ್ತಿದ್ದು, ಹೊಲಕ್ಕೆ ಕಾಲಿಟ್ಟವರ ಅಂಗಾಲಿಗೆ ಎರೆಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತಲಾಗದ ದಿನಗಳವು. ಯಾತ್ರಿಕನು ನಿರಾಶೆಯ ಕೆಸರಿನಲ್ಲಿ ಹೂತು, ಬೆನ್ನಿನ ಹೊರೆಯಿಂದಾಗಿ ಇನ್ನಷ್ಟು ಆಳಕ್ಕಿಳಿಯುವ ಪ್ರಸಂಗ ಬಂದಾಗ ಪಿಂಜಾರ ಮುದುಕನು, ‘ಇಂವ ಖರೇನ ನಮ್ಮ ಎರಿ ಹೊಲದಾಗ ಸಿಕ್ಕೊಂಡಾನ ನೋಡ್ರಿ, ಮಾಸ್ತರ. ಒಂದ ಕಾಲು ಕಿತ್ತರ ಇನ್ನೊಂದು ಇಳೀತೈತಿ’ ಎಂದನು. ಮಾವನವರು, ‘ಮತ್ತ ಹೆಂಗ ಪಾರಾದ, ಮುಂದ ಓದು’ ಎಂದರು. ಅವನ ಕೈಹಿಡಿದು ಎಳೆದು ದಡಕ್ಕೆ ಹತ್ತಿಸಿದವನೊಬ್ಬನು ಬರುವ ತನಕ ಯಾರೂ ಎದ್ದು ಹೋಗಲಿಲ್ಲ. ಕಂದೀಲಿಗೆ ನಾನು ಎರಡನೆಯ ಬಾರಿ ಎಣ್ಣೆ ಹಾಕಿದೆ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು, ಬಿತ್ತನೆ ಕೆಟ್ಟವರು ಆ ಗುಂಪಿನಲ್ಲಿದ್ದರು. ಕೆಸರಿನಲ್ಲಿ ಸಿಕ್ಕಿಕೊಂಡವನನ್ನು ಆ ಪುಸ್ತಕ ನಿಂದಿಸುವುದಿಲ್ಲ, ಇಲ್ಲಿ ಕಾಲಿಡಲು ಕಲ್ಲುಗಳಿವೆ ಎಂದು ತೋರಿಸುತ್ತದೆ. ಇಂಥ ಕಾರುಣ್ಯವಿಲ್ಲದ ಗ್ರಂಥವನ್ನು, ಅದರಲ್ಲಿ ಎಷ್ಟೇ ಪಾಂಡಿತ್ಯವಿರಲಿ, ದುಡಿಯುವ ಗಂಡಸಿನ ಕೈಯಲ್ಲಿಡಬಾರದೆಂದು ನಾನು ಇಂದಿಗೂ ಹಟದಿಂದ ಹೇಳುತ್ತೇನೆ.

ಮೈದುನನ ಮಾತು ಬೇರೆ. ಆತನು ಪ್ರಾರ್ಥನೆಗೇ ಬಾರದವನು. ಸಭೆಯಲ್ಲಿ ಆಡುವ ಕನ್ನಡ ತನ್ನ ಕನ್ನಡವಲ್ಲವೆಂಬುದು ಆತನ ತಕರಾರು. ಮಾತುಮಾತಿಗೆ ಸರ್ವಜ್ಞನ ತ್ರಿಪದಿಯನ್ನು ಉದಾಹರಿಸುವ ಆತನಿಗೆ ನಾನು ಕೊಟ್ಟದ್ದು, ರೆವರೆಂಡ್ ಉತ್ತಂಗಿ ಚನ್ನಪ್ಪನವರು ಹಳ್ಳಿ ಹಳ್ಳಿ ಸಂಚರಿಸಿ, ತಾಳೆಗರಿಗಳಿಂದಲೂ ಜನರ ನಾಲಗೆಯಿಂದಲೂ ಸಂಗ್ರಹಿಸಿ, 1924ರಲ್ಲಿ ಮೊದಲು ಹೊರತಂದ ‘ಸರ್ವಜ್ಞನ ವಚನಗಳು’. ‘ಇದೇನು ವೈನಿ, ನಿಮ್ಮ ಪುಸ್ತಕ ಅಂದ್ರಿ, ಇದು ಸರ್ವಜ್ಞಂದು’ ಎಂದನು. ಸಂಪಾದಕರ ಹೆಸರನ್ನು ಓದು ಎಂದೆ. ಧಾರವಾಡದಲ್ಲಿ ಹುಟ್ಟಿದ, ಬಾಸೆಲ್ ಮಿಶನ್ನಿನ ಬೋಧಕರಾಗಿದ್ದ, ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡ ಪುಣ್ಯಾತ್ಮರು ಅವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಕನ್ನಡಿಗರೆಲ್ಲರ ಗೌರವಕ್ಕೆ ಪಾತ್ರರಾದವರು. ಅವರದೇ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಆ ಬಳಿಕ ಆತನು ತಾನಾಗಿಯೇ ಕೇಳಿ ಪಡೆದು ಓದಿದನು. ಸರ್ವಜ್ಞನದು ಕ್ರೈಸ್ತ ಪುಸ್ತಕವೇ ಎಂದು ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ಆಕ್ಷೇಪಿಸಿದ್ದರು. ಕ್ರಿಸ್ತನನ್ನು ಪ್ರೀತಿಸಿದ ಒಬ್ಬ ಮನುಷ್ಯನು ತನ್ನ ಜೀವಮಾನದ ಶ್ರಮವನ್ನು ನೆರೆಯವರ ನುಡಿಮುತ್ತುಗಳನ್ನು ಕಾಪಾಡುವುದಕ್ಕೆ ವ್ಯಯಿಸಿದನಾದರೆ, ಆ ಶ್ರಮದ ಫಲವು ಕ್ರೈಸ್ತವಲ್ಲದೆ ಮತ್ತೇನೆಂದು ನಾನು ಅವರನ್ನು ಕೇಳಿದೆ. ಮೈದುನನು ಅನಂತರ ಪ್ರತಿ ರವಿವಾರ ತಪ್ಪದೆ ಬಂದನೆಂದು ನಾನು ಬರೆಯಲಾರೆ, ಬರಲಿಲ್ಲ. ಆದರೆ ಉತ್ತಂಗಿಯವರನ್ನು ‘ನಮ್ಮ ಚನ್ನಪ್ಪಜ್ಜ’ ಎಂದು ಕರೆಯತೊಡಗಿದನು.

ನನ್ನ ಪತಿಯವರಿಗಾಗಿ ಆರಿಸಿದ ಪುಸ್ತಕ ಕನ್ನಡದ್ದಲ್ಲ. ಮುಂಬಯಿ ಇಲಾಖೆಯ ಕಾಲದಲ್ಲಿ ಕಲಿತ ನಮ್ಮ ಮಾಸ್ತರರಿಗೆಲ್ಲ ಮರಾಠಿ ಬರುತ್ತಿತ್ತು. ನಮ್ಮ ಹಿರಿಯ ಮಗಳು ತೀರಿಕೊಂಡ ವರ್ಷ ಅವರು ಓದುವುದನ್ನೇ ನಿಲ್ಲಿಸಿಬಿಟ್ಟರು. ಸಮಾಧಾನದ ಪುಸ್ತಕಗಳನ್ನು ಬಂಧುಗಳು ತಂದುಕೊಟ್ಟರು. ಅವರು ಹಾಳೆಯನ್ನು ತೆರೆಯಲಿಲ್ಲ. ನಾನು ತರಿಸಿದ್ದು ಲಕ್ಷ್ಮೀಬಾಯಿ ಟಿಳಕರ ‘ಸ್ಮೃತಿಚಿತ್ರೆ’. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರಿಸ್ತನನ್ನು ಸ್ವೀಕರಿಸಿದಾಗ ಅವರ ಮಡದಿಗಾದ ವೇದನೆ, ಅಗಲಿಕೆಯ ವರ್ಷಗಳು, ಪುನಃ ಕೂಡಿ ಬಾಳಿದ್ದು, ಕೊನೆಗೆ ಆಕೆಯೂ ಸ್ವಂತ ವಿಚಾರದಿಂದ ಅದೇ ದಾರಿಗೆ ಬಂದುದು, ಇವೆಲ್ಲವನ್ನೂ ಆಕೆ ಅಡಿಗೆಮನೆಯ ಮಾತಿನಲ್ಲಿ, ಯಾರನ್ನೂ ದೂರದೆ, ಏನನ್ನೂ ಬಚ್ಚಿಡದೆ ಬರೆದಿದ್ದಾಳೆ. ಗಂಡಸರಿಗೆ ಗಂಡಸರ ಚರಿತ್ರೆಯನ್ನೇ ಕೊಡಬೇಕೆಂಬುದು ರೂಢಿ. ಗಂಡಸಿನ ನಂಬಿಕೆಗೆ ಅವನ ಮನೆಯವಳು ತೆರುವ ಬೆಲೆಯೆಷ್ಟೆಂಬುದನ್ನು ಗಂಡಸರು ಬರೆದ ಯಾವ ಗ್ರಂಥವೂ ನನಗೆ ತಿಳಿದಮಟ್ಟಿಗೆ ಹೇಳಿಲ್ಲವಾದುದರಿಂದ, ವಿವಾಹಿತನಾದ ಪ್ರತಿಯೊಬ್ಬ ಕ್ರೈಸ್ತನೂ ಇದನ್ನು ಓದತಕ್ಕದ್ದೆಂದು ನನ್ನ ಮತ. ಅವರು ಆ ಪುಸ್ತಕವನ್ನು ಕಟ್ಟೆಯ ಮೇಲೆ ಓದಲಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಕುಳಿತು, ಕನ್ನಡಿಸುತ್ತ ನನಗೆ ಓದಿ ಹೇಳಿದರು. ಒಂದು ರಾತ್ರಿ ನಡುವೆ ನಿಲ್ಲಿಸಿ, ‘ನಿನಗೂ ಹಿಂಗ ಅನಿಸೇತೇನು, ನನ್ನ ಸಂಗಾಟ?’ ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ನಮ್ಮಿಬ್ಬರಲ್ಲಿಯೇ ಇರತಕ್ಕದ್ದು.

ಹುಡುಗರಿಗೆ, ಅವರು ಚಿಕ್ಕವರಿದ್ದಾಗ, ‘ಹೃದಯದರ್ಪಣ’ವೆಂಬ ಹಳೆಯ ಚಿತ್ರದ ಪುಸ್ತಕವೊಂದೇ ಸಾಕಾಗಿತ್ತು. ಮನುಷ್ಯನ ಹೃದಯವನ್ನು ದೊಡ್ಡದಾಗಿ ಬರೆದು, ಅದರೊಳಗೆ ಗರ್ವಕ್ಕೆ ನವಿಲು, ಹೊಟ್ಟೆಬಾಕತನಕ್ಕೆ ಹಂದಿ, ಆಲಸ್ಯಕ್ಕೆ ಆಮೆ, ಅಸೂಯೆಗೆ ಹಾವು ಎಂದು ತೋರಿಸಿದ್ದ ಆ ಹಾಳೆಗಳನ್ನು ಅವರು ಬೆರಳಿನಿಂದ ತಿಕ್ಕಿ ತಿಕ್ಕಿ ಆಮೆಯ ಬೆನ್ನನ್ನೇ ಮಾಸಿಸಿಬಿಟ್ಟಿದ್ದರು. ಕಷ್ಟ ಬಂದದ್ದು ಮೀಸೆ ಮೂಡುವ ವಯಸ್ಸಿನಲ್ಲಿ. ದೊಡ್ಡವನು ಧಾರವಾಡದ ಬೋರ್ಡಿಂಗಿನಲ್ಲಿದ್ದು ಓದುವಾಗ, ಪ್ರಾರ್ಥನೆಯೆಲ್ಲ ಬೂಟಾಟಿಕೆಯೆಂದು ವಾದಿಸುವ ಕಾಲ ಬಂತು. ಅವನಿಗೆ ವಾದದ ಪುಸ್ತಕವನ್ನು ಕೊಟ್ಟಿದ್ದರೆ ಮರುವಾದ ಸಿದ್ಧವಾಗಿರುತ್ತಿತ್ತು. ನಾನು ಕಳುಹಿದ್ದು ಸಾಧು ಸುಂದರಸಿಂಗರ ಚರಿತ್ರೆ. 1889ರಲ್ಲಿ ಪಂಜಾಬದ ರಾಂಪುರದ ಸಿಖ್ಖ ಮನೆತನದಲ್ಲಿ ಜನಿಸಿ, ತಾಯಿಯನ್ನು ಎಳವೆಯಲ್ಲಿ ಕಳೆದುಕೊಂಡು, ಆ ಸಂತಾಪದಲ್ಲಿ ಸುವಾರ್ತೆಯ ಪುಸ್ತಕವನ್ನು ಬೆಂಕಿಗೆ ಹಾಕಿದ ಹುಡುಗನೇ ಕೆಲವು ದಿನಗಳಲ್ಲಿ ಕ್ರಿಸ್ತನಿಗೆ ಶರಣಾಗಿ, ಕಾವಿಯುಟ್ಟು ಬರಿಗಾಲಿನಲ್ಲಿ ಹಿಮಾಲಯವನ್ನು ಹತ್ತಿ, 1929ರಲ್ಲಿ ಟಿಬೆಟ್ಟಿಗೆಂದು ಹೊರಟವನು ಮರಳಿ ಬಾರದೇ ಹೋದನು. ಆ ಬೆಂಕಿಯ ಪ್ರಸಂಗವನ್ನು ಓದಿದ ಮಗನು, ಸಿಟ್ಟು ಮಾಡುವವನನ್ನೂ ದೇವರು ಹೊರಗೆ ಹಾಕುವುದಿಲ್ಲವೇ ಎಂದು ಪತ್ರ ಬರೆದನು. ಸುಂದರಸಿಂಗರ ಪುಸ್ತಕವನ್ನು ಅವನು ರಜೆಯಲ್ಲಿ ತಂದಾಗ ಕಟ್ಟೆಯಲ್ಲಿಯೂ ಅದರ ಓದು ನಡೆಯಿತು. ಕಾವಿಯುಟ್ಟು ಬರಿಗಾಲಿನಲ್ಲಿ ನಡೆದವನನ್ನು ನಮ್ಮ ನೆರೆಯವರು ಯಾರೆಂದು ಕೇಳದೆಯೇ ಬಲ್ಲರು.

ಚಿಕ್ಕವನು ಅಣ್ಣಿಗೇರಿಯ ಹತ್ತಿಯ ವಖಾರಿಯಲ್ಲಿ ಗುಮಾಸ್ತನಾಗಿ ಸೇರಿದಾಗ ನಾನು ಬೇರೆ ಪುಸ್ತಕವನ್ನು ಹುಡುಕಲಿಲ್ಲ. ಸತ್ಯವೇದದಲ್ಲಿ ಆಮೋಸನ ಗ್ರಂಥದ ನಡುವೆ ಒಂದು ಚೀಟಿಯನ್ನಿಟ್ಟು ಕೊಟ್ಟೆ. ಕುರಿ ಕಾಯುತ್ತಿದ್ದ, ಅತ್ತಿಹಣ್ಣಿನ ಕಸುಬಿನವನಾದ ಆ ತೆಕೋವದ ಪ್ರವಾದಿ, ಕೊಳಗವನ್ನು ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡಿ ಬಡವನನ್ನು ಕೊಳ್ಳುವ ವ್ಯಾಪಾರಿಗಳ ಮೇಲೆ ಹರಿಹಾಯುವುದನ್ನು ರೈತನಾದವನು ಕೇಳಬೇಕು. ಕೇಳಿದರು. ವಖಾರಿಯಲ್ಲಿ ಹತ್ತಿ ತೂಗಿಸಿ ಬಂದವರೇ ಕಟ್ಟೆಯಲ್ಲಿದ್ದರು. ‘ಆಂವ ಯಾವ ಪ್ಯಾಟಿಗೆ ಬಂದಿದ್ದನೋ ತಮ್ಮಾ, ಎಲ್ಲಾ ಖರೇ ಬರದಾನ’ ಎಂದು ಅವರು ಮಗನಿಗೆ ಹೇಳಿದಾಗ, ಅವನ ಮುಖ ಕೆಂಪೇರಿದ್ದನ್ನು ನಾನು ಬಾಗಿಲ ಮರೆಯಿಂದ ಕಂಡೆ. ಗುಮಾಸ್ತಿಕೆಯಲ್ಲಿದ್ದಷ್ಟು ಕಾಲವೂ ಅವನು ರೈತರೆದುರಿಗೆ ತಕ್ಕಡಿಯ ಮುಳ್ಳನ್ನು ತೋರಿಸಿಯೇ ಲೆಕ್ಕ ಬರೆಯುತ್ತಿದ್ದನೆಂದು ಪರಊರಿನವರ ಬಾಯಲ್ಲಿ ಕೇಳಿದ್ದೇನೆ.

ಪುಸ್ತಕದ ಹೊರಗಣ ಸಂಗತಿಗಳನ್ನೂ ಲಕ್ಷಿಸಬೇಕು. ನಲವತ್ತು ದಾಟಿದ ರೈತನಿಗೆ ದಪ್ಪಕ್ಷರದ ಪುಸ್ತಕ ಬೇಕು. ಕನ್ನಡಕ ಕೊಳ್ಳುವುದನ್ನು ಅವನು ಮುಂದಿನ ಸುಗ್ಗಿಗೆ ನೂಕುತ್ತಲೇ ಇರುತ್ತಾನೆ. ಅಧ್ಯಾಯಗಳು ಗಿಡ್ಡವಾಗಿರಬೇಕು. ಹೊಲದ ಬುತ್ತಿಯ ಚೀಲದಲ್ಲಿ ಹಿಡಿಯುವಷ್ಟು ಸಣ್ಣದಾಗಿದ್ದರೆ ಉತ್ತಮ.

ಈಗ ಮೊಮ್ಮಗನ ಸರದಿ. ಅವನು ದಿನಾಲೂ ಅಣ್ಣಿಗೇರಿಯಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಕೆಲಸಕ್ಕೆ ಹೋಗಿಬರುತ್ತಾನೆ, ಅವನಿಗೆ ಕಟ್ಟೆಯಿಲ್ಲ. ರೈಲಿನಲ್ಲಿ ಓದಲು ಏನಾದರೂ ಕೊಡು ಆಯಿ ಎಂದು ಮೊನ್ನೆ ಕೇಳಿದನು. ಒಂಟಿಯಾಗಿ ಓದುವವನಿಗೆ ಯಾವುದನ್ನು ಕೊಡಬೇಕೆಂದು ವಿಚಾರಿಸುತ್ತಿರುವಾಗ, ತಾನಿರುವ ಡಬ್ಬಿಯಲ್ಲಿ ನವಲಗುಂದದ ಜಮಖಾನದ ಗಂಟು ಹೊತ್ತವರೂ, ಗದಗದ ನೇಕಾರರೂ, ಕಾಲೇಜಿನ ಹುಡುಗರೂ ದಿನಾಲೂ ಅದೇ ಜಾಗದಲ್ಲಿ ಕೂಡುತ್ತಾರೆಂದು, ಇಸ್ಪೀಟು ಬೇಸರವಾಗಿದೆಯೆಂದು ಅವನೇ ಹೇಳಿದನು. ‘ಯಾತ್ರಿಕನ ಸಂಚಾರ’ದ ನಮ್ಮ ಪ್ರತಿಯ ಹೊಲಿಗೆ ಬಿಚ್ಚಿದೆ, ಅದನ್ನು ಹೊಲಿಸಿ, ಮೇಲೆ ಗಟ್ಟಿ ರಟ್ಟು ಹಾಕಿಸಿಕೊಂಡು ಬಾ ಎಂದು ಹುಬ್ಬಳ್ಳಿಗೆ ಕಳುಹಿಸಿದ್ದೇನೆ.